ಮೂರು ಎಂದ ಮೇಲೆ

ಕೇಳದೆ ಒಬ್ಬರ ಗಾಲಿಕುರ್ಚಿಗೆ ಕೈ ಹಾಕುವುದೆಂದರೆ ಅದು ಯಾವ ಊರಿನ ಮರ್ಯಾದೆ? ಬೆಳಗಿನ ಎಂಟಕ್ಕೇ ಮಸ್ಕತ್ತಿನ ಅಲ್ ಹೈಲ್‌ನ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಆಶಿತಾ ಟ್ರೈನಿಂಗ್ ಸೆಂಟರಿನ ಇಳಿಜಾರಿನ ಕೆಳಗೆ ಕುರ್ಚಿ ನಿಲ್ಲಿಸಿಕೊಂಡು ಬ್ಯಾಗಿನಲ್ಲಿ ಕೀಲಿ ಹುಡುಕುತ್ತಿದ್ದಳು. ಹಿಂದಿನಿಂದ ಯಾರೋ ಬಂದ, ಇಂಗ್ಲಿಷಿನಲ್ಲಿ ಹೆಲ್ಪ್ ಮಾಡುತ್ತೇನೆ ಮೇಡಂ ಎಂದ, ಅವಳ ಉತ್ತರಕ್ಕೂ ಕಾಯದೆ ಕುರ್ಚಿಯನ್ನು ಮೇಲಕ್ಕೆ ತಳ್ಳಿಯೇ ಬಿಟ್ಟ.

ಆಶಿತಾ ಬ್ರೇಕ್ ಹಾಕಿದಳು. ಗಾಲಿಗಳು ಗಕ್ಕನೆ ನಿಂತವು. ತಳ್ಳುತ್ತಿದ್ದವನ ಹೊಟ್ಟೆ ಕುರ್ಚಿಯ ಹಿಡಿಕೆಗೆ ಬಡಿಯಿತು.

"ಎಂಥ ಇದು? ನಾನೇನು ಸೂಪರ್‌ಮಾರ್ಕೆಟ್ಟಿನ ಟ್ರಾಲಿಯಾ?" ಸಿಟ್ಟು ಬಂದರೆ ಅವಳಿಗೆ ಬರುವುದು ಕನ್ನಡ ಅಥವಾ ತುಳು. ಅವತ್ತು ಕನ್ನಡ ಬಂತು.

ಹೊಟ್ಟೆ ಹಿಡಿದುಕೊಂಡಿದ್ದವನ ಮುಖ ನೋವಿನಲ್ಲೂ ಅರಳಿತು. "ಊರಿನವರಾ ನೀವು?"

"ಊರು ಆಮೇಲೆ. ಮೊದಲು ಸಾರಿ ಹೇಳಿ."

"ಸಾರಿ," ಎಂದ ಅವನು. ಆಮೇಲೆ ಸ್ವಲ್ಪ ಯೋಚನೆ ಮಾಡಿ, "ತಿರುಗಿ ಕೆಳಗೆ ತಂದು ಬಿಡಲಾ?" ಎಂದು ಕೇಳಿದ.

ನಗು ಕಾಣಬಾರದೆಂದು ಆಶಿತಾ ಮುಖ ಆ ಕಡೆ ತಿರುಗಿಸಿದಳು. ಬೇಡ, ಈಗ ಕೇಳಿದ್ರಲ್ಲ, ಅಷ್ಟು ಸಾಕು ಎಂದು ತಾನೇ ಗಾಲಿ ತಿರುಗಿಸಿಕೊಂಡು ಮೇಲೆ ಹೋದಳು. ಹತ್ತು ನಿಮಿಷದ ನಂತರ ಅದೇ ಮನುಷ್ಯ ತರಗತಿಗೆ ಬಂದ. ಬೋರ್ಡಿನ ಮುಂದೆ ಕುಳಿತವಳನ್ನು ನೋಡಿ, ಇಷ್ಟು ಖಾಲಿ ಕುರ್ಚಿಗಳಿದ್ದರೂ ಹಿಂದಿನ ಸಾಲಿನ ಮೂಲೆ ಹುಡುಕಿಕೊಂಡು ಹೋದ.

ಅವನ ಹೆಸರು ಶ್ರವಣ್. ಬೆಳ್ತಂಗಡಿಯವನು, ಮೂವತ್ತೆರಡು ವರ್ಷ. ಒಂಬತ್ತು ವರ್ಷ ಮಸ್ಕತ್ತಿನಲ್ಲಿ ಎಸಿ ಮೆಕ್ಯಾನಿಕ್ ಆಗಿ ದುಡಿದು, ಕಂಪ್ರೆಸರುಗಳನ್ನು ಹೆಗಲ ಮೇಲೆ ಹೊತ್ತು ಟೆರೇಸು ಟೆರೇಸು ಹತ್ತಿದವನು. ಕಂಪನಿ ಮುಚ್ಚಿದಾಗ ಬೇರೆಯವರೆಲ್ಲ ಇನ್ನೊಂದು ಎಸಿ ಕಂಪನಿ ಹುಡುಕಿದರು. ಇವನು ಅಂಗವಿಕಲರ ಆರೈಕೆ ಕಲಿಸುವ ಆರು ವಾರದ ಕೋರ್ಸಿಗೆ ಸೇರಿದ. ಯಾಕೆ ಎಂದು ಆಶಿತಾ ಎಲ್ಲರನ್ನೂ ಕೇಳುವ ಹಾಗೆ ಅವನನ್ನೂ ಕೇಳಿದ್ದಳು. ಒಮ್ಮೆ ಒಂದು ಮನೆಯಲ್ಲಿ ಎಸಿ ರಿಪೇರಿ ಮಾಡಿ, ಅಲ್ಲೇ ಮಲಗಿದಲ್ಲೇ ಇದ್ದ ಹುಡುಗಿಯನ್ನು ಚಳಿ ಹೆಚ್ಚಾಯಿತಾ ಎಂದು ಕೇಳಿದನಂತೆ. ಆ ಮನೆಯಲ್ಲಿ ಹಾಗೆ ಅವಳನ್ನು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲವಂತೆ. ಹುಡುಗಿ ನಕ್ಕಳಂತೆ. ಅಷ್ಟೇ ಕಾರಣ.

ಆಶಿತಾಳದ್ದು ವಿಚಿತ್ರದ ಕೆಲಸ. ಪಿಯುಸಿ ಮುಗಿಸಿ ಅಪ್ಪ ಅಮ್ಮನ ಜೊತೆ ಇರಲೆಂದು ಮೂಲ್ಕಿಯಿಂದ ಒಮಾನಿಗೆ ಬಂದವಳು, ಮರುವರ್ಷ ಬರ್ಕಾ ರಸ್ತೆಯಲ್ಲಿ ಕಾರು ಮಗುಚಿ ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡಳು. ಹೊಕ್ಕುಳಿನಿಂದ ಕೆಳಗೆ ಅವಳಿಗೆ ಏನೂ ಗೊತ್ತಾಗುವುದಿಲ್ಲ. ಅದಾಗಿ ಹತ್ತು ವರ್ಷ. ಈಗ ಅವಳು ಪಾಠವನ್ನೂ ಮಾಡುತ್ತಾಳೆ, ಮೈಯನ್ನೂ ಕೊಡುತ್ತಾಳೆ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಾರಿಗೆ ಎತ್ತುವುದನ್ನು ಕಲಿಯುವವರೆಲ್ಲ ಮೊದಲು ಅವಳನ್ನು ಎತ್ತಿ ಕಲಿಯಬೇಕು. ಬೊಂಬೆಯನ್ನು ಎತ್ತಿದವರಿಗೆ ಬೊಂಬೆ ಎತ್ತಲಿಕ್ಕೆ ಮಾತ್ರ ಬರುತ್ತದೆ ಎನ್ನುವುದು ಸೆಂಟರಿನ ಮುಖ್ಯಸ್ಥೆ ಮಾಜಿದಾ ಅವರ ಮಾತು.

ಅಲ್ಲಿ ಮೂರು ಕಟ್ಟಳೆ. ಕೇಳದೆ ಮುಟ್ಟಬಾರದು. ಎಣಿಸುವುದು ಎತ್ತುವವರಲ್ಲ, ಎತ್ತಿಸಿಕೊಳ್ಳುವವರು. ಅವರ ಬಾಯಿಂದ ಮೂರು ಬರುವ ಮೊದಲು ಎತ್ತಿದವರು ಫೇಲ್. ಮೂರನೆಯದು ಆಶಿತಾಳಿಗೆ ಮಾತ್ರ: ಅವಳು ಕೈಯನ್ನು ಮಡಿಲಲ್ಲಿಟ್ಟು, ಕೈಯೂ ಸತ್ತಿರುವವರ ಹಾಗೆ ಕೂರಬೇಕು. ತನ್ನ ಬಲ ಒಂದಿಷ್ಟೂ ಹಾಕಬಾರದು.

ಹನ್ನೆರಡು ಜನ ಕಲಿಯುವವರು ಹನ್ನೆರಡು ಸಲ "ಮುಟ್ಟಲಾ?" ಎಂದು ಕೇಳುತ್ತಿದ್ದರು. ಬಸ್ ಕಂಡಕ್ಟರ್ ಟಿಕೆಟ್ ಕೇಳಿದ ಹಾಗೆ. ಶ್ರವಣ್ ಮಾತ್ರ ಕೇಳಿ, ಅವಳ ಕಣ್ಣು ನೋಡಿಕೊಂಡು ನಿಲ್ಲುತ್ತಿದ್ದ. ಎಷ್ಟು ಹೊತ್ತು ನಿಲ್ಲುತ್ತಾನೆ ನೋಡುವ ಎಂದು ಒಮ್ಮೆ ಅವಳು ಬೇಕೆಂದೇ ಉತ್ತರ ತಡ ಮಾಡಿದಳು. ಅವನು ಬಗ್ಗಿ ನಿಂತೇ ಇದ್ದ. ಕಪ್ಪು ಮುಖದಲ್ಲಿ ಬೆವರು ಇಳಿಯಿತು, ಕಣ್ಣು ಇಳಿಯಲಿಲ್ಲ. ಬ್ಯಾಚಿನಲ್ಲಿದ್ದ ಉಳ್ಳಾಲದ ಸಫೀನಾ ಹಿಂದಿನಿಂದ ಸುಮ್ಮನೆ ಕೆಮ್ಮಿದಳು.

"ಉತ್ತರ ಬರುವಾಗ ತಡ ಆಗ್ತದಾದ್ರೆ ಊಟ ಮುಗಿಸಿ ಬರಲಾ?" ಎಂದ ಶ್ರವಣ್ ಮೆಲ್ಲಗೆ.

"ಮುಟ್ಟಿ ಮಾರಾಯ್ರೆ," ಎಂದು ನಕ್ಕುಬಿಟ್ಟಳು ಆಶಿತಾ. ಅವನ ಕೈಗಳು ಅವಳ ಪಕ್ಕೆಲುಬಿನ ಕೆಳಗೆ ಕಟ್ಟಿದ ಬೆಲ್ಟಿನ ಎರಡು ಹಿಡಿಕೆಗಳನ್ನು ಹಿಡಿದವು. ಒಂದು, ಎರಡು, ಮೂರು. ಕೆಳಗೆ ಏನೂ ತಿಳಿಯದ ಮೈಗೆ ಮೇಲಿನದೆಲ್ಲ ಎರಡು ಪಾಲು ತಿಳಿಯುತ್ತದೆ. ಅವನ ಉಸಿರು ಕಿವಿಯ ಹತ್ತಿರ ಬಂದು ಹೋದದ್ದು ಅವಳಿಗೆ ಸಾಯಂಕಾಲದವರೆಗೂ ನೆನಪಿತ್ತು.

ಮೂರನೆಯ ವಾರ ಅವಳು ಮೊದಲ ಸಲ ಆ ಸದ್ದು ಕೇಳಿದಳು.

ಮೂರು ಎಂದಾಗ ಅವನ ಎಡಗೈ ಬೆಲ್ಟನ್ನು ಬಿಗಿಯಾಗಿ ಎಳೆಯಿತು. ಬಲಗೈಯ ಕಡೆಯಿಂದ ಟಕ್ ಎಂದು ಸಣ್ಣದೊಂದು ಸದ್ದು. ನೈಲಾನಿನ ಹಿಡಿಕೆಯಿಂದ ಬೆರಳು ಜಾರಿದ ಸದ್ದು. ಅವಳ ಬೆನ್ನು ಒಂದು ಕೂದಲೆಳೆಯಷ್ಟು ವಾಲಿತು, ಮತ್ತೆ ಸರಿಹೋಯಿತು. ಶ್ರವಣ್‌ಗೆ ಏನೂ ಗೊತ್ತಾದ ಹಾಗೆ ಕಾಣಲಿಲ್ಲ. ಅವಳನ್ನು ಹಾಸಿಗೆಯ ಮೇಲೆ ಕೂರಿಸಿ, ಕಾಲು ನೇರ ಮಾಡಿ, ಆರಾಮ ಉಂಟಾ ಎಂದು ಕೇಳಿದ.

ಉಂಟು ಎಂದಳು.

ಆ ದಿನ ಬಿಡುವಿನಲ್ಲಿ ಎಲ್ಲರೂ ಕರಕ್ ಚಹಾ ತರಿಸಿಕೊಂಡರು. ಶ್ರವಣ್ ಕಾಗದದ ಕಪ್ಪನ್ನು ಬಲಗೈಯಲ್ಲಿ ಹಿಡಿದು ಸಫೀನಾಳಿಗೆ ಏನೋ ತಮಾಷೆ ಹೇಳುತ್ತಿದ್ದ. ಕಪ್ಪು ವಾಲಿ ಕುದಿಯುವ ಚಹಾ ಅವನ ಕಿರುಬೆರಳ ಮೇಲೆ ಇಳಿಯುತ್ತಾ ಇತ್ತು. ಅವನು ತಮಾಷೆ ಮುಗಿಸಿ, ನಕ್ಕು, ಆಮೇಲೆ ಕೆಳಗೆ ನೋಡಿ, ಅಯ್ಯೋ ಚೆಲ್ಲಿತಲ್ಲ ಎಂದ. ಬೆರಳು ಕೆಂಪಗೆ ಬೆಂದಿತ್ತು. ಅವನು ಅದನ್ನು ಪ್ಯಾಂಟಿಗೆ ಒರೆಸಿಕೊಂಡ, ಅಷ್ಟೇ.

ಗೊತ್ತಾಗದಿರುವುದು ಎಂದರೆ ಏನೆಂದು ಆಶಿತಾಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಿಸಿನೀರಿನ ಬಕೆಟ್ಟಿಗೆ ಕಾಲಿಟ್ಟು ಹಾಡು ಕೇಳುತ್ತಾ ಕುಳಿತವಳು ಅವಳು. ಇವನ ಕೈಯಲ್ಲಿ ಏನೋ ಸಾಯುತ್ತಿದೆ ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ತಿಳಿದವಳು ಏನು ಮಾಡಬೇಕಿತ್ತು? ಮಾರನೆಯ ದಿನವೇ ಬಾಯಿ ಬಿಡಬೇಕಿತ್ತು. ಅದೇ ಅವಳ ಕೆಲಸ, ಅದಕ್ಕೇ ಅವಳನ್ನು ಅಲ್ಲಿ ಇಟ್ಟುಕೊಂಡದ್ದು.

ಅವಳು ಮಾಡಿದ್ದು ಬೇರೆ. ಮಾರನೆಯ ದಿನ ಒಂದು ದೊಡ್ಡ ಶಾಲು ಹೊದ್ದು ಬಂದಳು. ಮೂರು ಎನ್ನುವಾಗ, ಶಾಲಿನ ಒಳಗೆ, ಎಡಗೈಯ ಮುಷ್ಟಿಯನ್ನು ಸೀಟಿಗೆ ಊರಿ ತನ್ನನ್ನು ತಾನೇ ಮೇಲಕ್ಕೆ ತಳ್ಳಿಕೊಂಡಳು. ಅವನ ತಲೆ ಅವಳ ಹೆಗಲ ಆಚೆ ಇತ್ತು, ಅವನಿಗೆ ಕಾಣಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅವಳು ಕುರ್ಚಿಯಿಂದ ಎದ್ದಳು. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಅವನ ಮುಖದ ಸಂತೋಷ ನೋಡಿದ ಮೇಲೆ ಅವಳಿಗೆ ನಿಲ್ಲಿಸಲು ಆಗಲಿಲ್ಲ.

ಐದನೆಯ ವಾರಕ್ಕೆ ಎರಡೂ ಮುಷ್ಟಿ ಊರಬೇಕಾಯಿತು. ಶ್ರವಣ್ ಬ್ಯಾಚಿಗೇ ಮೊದಲಿಗನಾದ.

ಮನೆಯಲ್ಲಿ ಅಮ್ಮ ಕುಸುಮ ಸುಮ್ಮನಿರಲಿಲ್ಲ. ಮಗಳು ಬಾಚಣಿಗೆ ಎತ್ತಲು ಒದ್ದಾಡುವುದು ಅವರ ಕಣ್ಣಿಗೆ ಬಿದ್ದಿತ್ತು. ಆಸ್ಪತ್ರೆಯವರು ಹತ್ತು ವರ್ಷದ ಹಿಂದೆಯೇ ಹೇಳಿದ್ದರು: ಇನ್ನು ಮೇಲೆ ನಿನ್ನ ಭುಜವೇ ನಿನ್ನ ಕಾಲು, ಅದನ್ನು ದಂಡ ಮಾಡಬೇಡ. ಭುಜ ಹೋದರೆ ಹಾಸಿಗೆಯಿಂದ ಏಳಲೂ, ಪಾಯಿಖಾನೆಗೆ ಹೋಗಲೂ ಇನ್ನೊಬ್ಬರು ಬೇಕು. ಮತ್ರಾದ ಬಟ್ಟೆ ಅಂಗಡಿಯಲ್ಲಿ ಇಡೀ ದಿನ ನಿಂತು ಬರುವ ಅಪ್ಪ ಕೊಗ್ಗ, ಅಷ್ಟು ಸುಸ್ತಿನಲ್ಲೂ ಮಗಳ ಭುಜಕ್ಕೆ ಎಣ್ಣೆ ತಿಕ್ಕಿದರು. ಏನಾಯಿತು ಎಂದು ಇಬ್ಬರೂ ಕೇಳಿದರು. ಏನಿಲ್ಲ ಎಂದಳು.

ಆ ವಾರ ಮಾಜಿದಾ ಅಭ್ಯಾಸ ನೋಡಲು ಬಂದರು. ಎಲ್ಲರದ್ದೂ ನೋಡಿ, ಬೋರ್ಡಿನ ಮುಂದೆ ನಿಂತು, ಒಂದು ಮಾತು ಹೇಳಿದರು. ಕಲಿಯುವವರಿಗೆ ಒಳಗಿಂದೊಳಗೆ ಬಲ ಕೊಡುವವರನ್ನು ನಾನು ಹಿಂದೆ ನೋಡಿದ್ದೇನೆ, ಅವರು ಉಪಕಾರ ಮಾಡುತ್ತಿಲ್ಲ, ಮುಂದಿನ ರೋಗಿಯನ್ನು ಈಗಲೇ ಕೆಳಗೆ ಬೀಳಿಸುತ್ತಿದ್ದಾರೆ ಎಂದರು. ಯಾರ ಹೆಸರನ್ನೂ ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಆಶಿತಾಳ ಕೈ ನಿಜವಾಗಿಯೂ ಹೆಗಲಿಗೇ ಹೋಯಿತು.

ಅದನ್ನು ಕಂಡದ್ದು ಶ್ರವಣ್ ಒಬ್ಬನೇ. ಸಂಜೆ ಅವಳ ಮೇಜಿನ ಮೇಲೆ ನೋವಿನ ಮುಲಾಮಿನ ಡಬ್ಬಿ ಇತ್ತು. ನನ್ನಿಂದ ಎತ್ತಿಸಿಕೊಂಡೇ ನೋವಾದದ್ದಾದರೆ ಕ್ಷಮಿಸಿ ಎಂದು ಚೀಟಿ. ಪಾಪದವನು. ಅವಳು ಆ ಚೀಟಿ ಓದಿ ನಗಲೂ ಆಗದೆ ಅಳಲೂ ಆಗದೆ ಕುಳಿತಳು.

ಗಡಿಯ ಊರು ಬುರೈಮಿಯಲ್ಲಿ ಒಂದು ಮನೆಗೆ ಆರೈಕೆಯವನು ಬೇಕಿತ್ತು, ಆ ಕೆಲಸ ಅವನಿಗೇ ಎಂದು ಆಮೇಲೆ ಗೊತ್ತಾಯಿತು. ಅಲ್ಲಿ ಅಂಗಡಿಗಳಿದ್ದ ಮುದಿ ಯಜಮಾನರೊಬ್ಬರಿಗೆ ಪಾರ್ಶ್ವವಾಯು ಬಡಿದು ಕೈಯೂ ಇಲ್ಲ, ಕಾಲೂ ಇಲ್ಲ. ತೊಂಬತ್ತೈದು ಕಿಲೋ ಭಾರದ ಮೈ. ಎತ್ತುವ ಯಂತ್ರ ಕಂಡರೆ ಹೆದರಿ ಕೂಗುತ್ತಾರಂತೆ. ಮನುಷ್ಯನೇ ಬೇಕು. ಮನೆಯವರೇ ಕಫೀಲ್ ಆಗಿ, ಅಂದರೆ ಜವಾಬ್ದಾರಿ ಹೊತ್ತು, ವೀಸಾ ಮಾಡಿಕೊಡುತ್ತಾರೆ. ಗುರುವಾರ ಕೊನೆಯ ಪರೀಕ್ಷೆ, ಶನಿವಾರ ಹೊರಡುವುದು.

ಸೋಮವಾರ ಸಂಜೆ ಇಬ್ಬರೂ ಅಲ್ ಹೈಲ್‌ನ ಸಮುದ್ರದ ಬದಿಗೆ ಹೋದರು. ಸೂರ್ಯ ಇನ್ನೂ ಮುಳುಗಿರಲಿಲ್ಲ. ಸೆಖೆ ಎಷ್ಟೆಂದರೆ ನೀರೂ ಅಲುಗಾಡಲು ಬೇಸರಪಟ್ಟುಕೊಂಡ ಹಾಗೆ ಇತ್ತು. ಶ್ರವಣ್ ಮರಳಿಗೆ ಇಳಿದು ಹೋಗಿ ಒಂದು ಚಿಪ್ಪು ಹೆಕ್ಕಿಕೊಂಡು ಬಂದ. ಅದನ್ನು ಉಜ್ಜಿ ಉಜ್ಜಿ ಚೊಕ್ಕ ಮಾಡುತ್ತಾ, ಅವಳ ಕಡೆ ನೋಡದೆ, ಮಾತು ತೆಗೆದ.

"ಬುರೈಮಿಯಲ್ಲಿ ಮೂರು ತಿಂಗಳು ಕಳೀಲಿ. ಆಮೇಲೆ ನಿಮ್ಮ ಅಪ್ಪನ ಹತ್ರ ಮಾತಾಡ್ಲಿಕ್ಕೆ ಬರ್ತೇನೆ. ಬರಬಹುದಾ?"

ಅವಳು ಎಷ್ಟೋ ದಿನದಿಂದ ಕಾದಿದ್ದ ಮಾತು. ಸಂತೋಷ ಆಯಿತು, ಸುಳ್ಳು ಯಾಕೆ ಹೇಳಬೇಕು. ಅವಳು ಕೈ ಚಾಚಿದಳು. ಅವನು ಚಿಪ್ಪನ್ನು ಅವಳ ಅಂಗೈಯಲ್ಲಿಟ್ಟ. ಬಿಳಿ ಚಿಪ್ಪಿನ ತುಂಬ ರಕ್ತ.

ಚಿಪ್ಪಿನ ಅಂಚು ಅವನ ಬಲಗೈಯ ಎರಡು ಬೆರಳುಗಳನ್ನು ಸೀಳಿತ್ತು. ಅಂಗಿಯ ತುದಿಗೂ ಹತ್ತಿತ್ತು. ಅವನು ಅದನ್ನು ನೋಡಿ, ಎಲ್ಲಿ ತಾಗಿತೋ ಎಂದು ನಕ್ಕ.

ಆಶಿತಾ ನಗಲಿಲ್ಲ. "ಡಾಕ್ಟರಿಗೆ ತೋರಿಸಿದ್ದೀರಾ?"

ಅವನ ಮುಖ ಸಣ್ಣದಾಯಿತು. ಬೆರಳು ಜುಮ್ಮೆನ್ನುವುದು ಒಂದು ವರ್ಷದಿಂದ ಇದೆ, ಈಗ ಅದೂ ಇಲ್ಲ ಎಂದ. ತೋರಿಸಿದರೆ ಅದು ಕಾಗದದಲ್ಲಿ ಬರುತ್ತದೆ, ಕಾಗದದಲ್ಲಿ ಬಂದರೆ ಬುರೈಮಿ ಇಲ್ಲ, ವೀಸಾ ಇಲ್ಲ, ಊರಿಗೆ ನಡಿ ಎನ್ನುತ್ತಾರೆ. ಒಮ್ಮೆ ಸೇರಿಕೊಂಡ ಮೇಲೆ ತೋರಿಸುತ್ತೇನೆ ಎಂದು ಹೇಳಿ, ತಲೆ ಎತ್ತಿ ಅವಳನ್ನು ನೋಡಿದ.

"ಕೈ ಹೇಗಾದ್ರೂ ಇರ್ಲಿ. ನಿಮ್ಮನ್ನು ಎತ್ತುವಾಗ ಒಂದು ದಿನವಾದ್ರೂ ತಪ್ಪಿದೆಯಾ?"

ಅಲ್ಲಿ ಹೇಳಬೇಕಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. ಬಿಸಿತುಪ್ಪ, ಉಗುಳಲೂ ಆಗದು ನುಂಗಲೂ ಆಗದು. ಹೇಳಿದರೆ ಇವನು ಹೋಗುತ್ತಾನೆ. ಹೇಳದಿದ್ದರೆ ಯಾರೋ ಒಬ್ಬ ಮುದುಕ ಬುರೈಮಿಯಲ್ಲಿ ಬೀಳುತ್ತಾನೆ. ಆ ಮುದುಕನನ್ನು ಅವಳು ಕಂಡವಳಲ್ಲ. ಇವನು ಕಣ್ಣೆದುರಿಗೇ ಇದ್ದಾನೆ.

"ಇಲ್ಲ," ಎಂದಳು.

ಅವನು ಗಾಯದ ಕೈಯನ್ನು ಜೇಬಿಗೆ ಹಾಕಿ ಎಡಗೈಯಿಂದ ಅವಳ ಬೆರಳು ಹಿಡಿದುಕೊಂಡ.

ಗುರುವಾರ ಬೆಳಿಗ್ಗೆ ಪರೀಕ್ಷೆಯ ಕೋಣೆಗೆ ಬುರೈಮಿಯ ಯಜಮಾನರ ಮಗನೂ ಬಂದಿದ್ದ. ಬಿಳಿ ನಿಲುವಂಗಿ ದಿಶ್ದಾಶ ತೊಟ್ಟ, ಮೆತ್ತಗೆ ಮಾತಾಡುವ ನಡುವಯಸ್ಸಿನವನು. ಅಪ್ಪನನ್ನು ನೋಡಿಕೊಳ್ಳುವವನನ್ನು ಕಣ್ಣಾರೆ ನೋಡಬೇಕೆಂದು ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದಿದ್ದ. ಮಾಜಿದಾ ಫೈಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನು ಆಶಿತಾಳಿಗೆ ಫೋನಿನಲ್ಲಿ ಅಪ್ಪನ ಚಿತ್ರ ತೋರಿಸಿದ. ದೊಡ್ಡ ದೇಹದ ಮುದುಕ, ನಗುವ ಕಣ್ಣು. ಎರಡು ಕೈಗಳು ಮಡಿಲಲ್ಲಿ, ಯಾರೋ ಇಟ್ಟು ಮರೆತುಹೋದ ಹಾಗೆ ಬಿದ್ದಿದ್ದವು. ಬಾಬಾ ಭಾರ, ಆದರೆ ತುಂಬ ಒಳ್ಳೆಯವರು ಎಂದ ಮಗ, ಹಿಂದಿಯಲ್ಲಿ. ನೋಡಿಕೊಳ್ಳಲು ಬರುವವನಿಗೆ ತಮ್ಮಿಂದ ಕಷ್ಟವಾಗುತ್ತದೋ ಏನೋ ಎಂದು ಈಗಲೇ ಚಿಂತೆ ಮಾಡುತ್ತಿದ್ದಾರೆ ಎಂದೂ ಹೇಳಿದ.

ಆಶಿತಾ ಆ ಕೈಗಳನ್ನೇ ನೋಡಿದಳು. ಊರಲು ಮುಷ್ಟಿ ಇಲ್ಲದ ಕೈಗಳು. ಫೋನು ವಾಪಸು ಕೊಟ್ಟು, ಹೊದ್ದಿದ್ದ ಶಾಲು ತೆಗೆದು ಮಡಚಿ ಮೇಜಿನ ಮೇಲಿಟ್ಟಳು.

ಶ್ರವಣ್ ಬಂದು ಮುಂದೆ ನಿಂತ. ಇಸ್ತ್ರಿ ಮಾಡಿದ ನೀಲಿ ಅಂಗಿ, ಬೆರಳಿಗೆ ಪಟ್ಟಿ. "ಮುಟ್ಟಲಾ?" ಎಂದ. ಕಣ್ಣಿನಲ್ಲಿ ಅದೇ ತುಂಟ ನಗು. ಮುಟ್ಟಿ ಎಂದಳು. ಅವನು ಬಗ್ಗಿ, ಮೊಣಕಾಲಿನಿಂದ ಅವಳ ಮೊಣಕಾಲುಗಳಿಗೆ ಆಸರೆ ಕೊಟ್ಟು, ಬೆನ್ನ ಹಿಂದೆ ಬೆಲ್ಟನ್ನು ಹಿಡಿದ. ಅವನ ಕೆನ್ನೆ ಅವಳ ಕಿವಿಯ ಪಕ್ಕ.

"ಒಂದು," ಎಂದಳು. "ಎರಡು."

ಮೂರು ಬರಲಿಲ್ಲ.

ಮಾಜಿದಾ ಪೆನ್ನು ಹಿಡಿದವರು ತಲೆ ಎತ್ತಿದರು. ಶ್ರವಣ್ ಅಲುಗಾಡದೆ ಕಾದ. ಆಶಿತಾ ಅವನೊಬ್ಬನಿಗೆ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ಮೂರು ವಾರದಿಂದ ನಾನು ಕೈ ಊರ್ತಾ ಇದ್ದೆ, ಶ್ರವಣ್. ನೀವಲ್ಲ ಎತ್ತಿದ್ದು, ನಾನು. ಇವತ್ತು ಊರುವುದಿಲ್ಲ."

ಅವನ ಉಸಿರು ನಿಂತದ್ದು ಅವಳ ಕತ್ತಿಗೆ ತಿಳಿಯಿತು. ಆಮೇಲೆ ಅವನು, ಅವಳು ಎಂದೂ ಕೇಳದ ಒಂದು ಗಡಸು ದನಿಯಲ್ಲಿ, "ಮೂರು ಹೇಳಿ," ಎಂದ.

"ಬೀಳ್ತೇವೆ."

"ಹೇಳಿ."

ಅವಳು ಕಣ್ಣು ಮುಚ್ಚಿದಳು. ಕೈಗಳನ್ನು ಮಡಿಲಲ್ಲಿ ಸತ್ತ ಹಾಗೆ ಬಿಟ್ಟಳು. "ಮೂರು."

ಎಡಗೈ ಎಳೆಯಿತು. ಅವಳ ಮೈ ಸೀಟಿನಿಂದ ಒಂದು ಇಂಚು ಮೇಲೆದ್ದಿತು. ಅವನ ಬಲಗೈಯ ಕಡೆ ಟಕ್. ಮತ್ತೆ ಟಕ್. ಮೂರು ವಾರದಲ್ಲಿ ಅವಳ ಪೂರ್ತಿ ಭಾರ ಅವನಿಗೆ ತಿಳಿದದ್ದು ಅದೇ ಮೊದಲು. ಅವಳು ಎಡಕ್ಕೆ ವಾಲತೊಡಗಿದಳು, ನೆಲದ ಹೆಂಚು ಕಣ್ಣಿಗೆ ಹತ್ತಿರ ಬಂತು. ಅವನ ಹಲ್ಲು ಕಟಕಟ ಎಂದದ್ದು ಕೇಳಿಸಿತು. ಇನ್ನೊಂದು ಸಲ ಎಳೆಯುತ್ತಾನೆ, ಗಂಡಸಲ್ಲವಾ, ಎಳೆದೇ ಎಳೆಯುತ್ತಾನೆ, ಬೀಳಿಸಿಯೇ ಬಿಡುತ್ತಾನೆ ಎಂದುಕೊಂಡಳು.

ಅವನು ಎಳೆಯಲಿಲ್ಲ. ಅವಳನ್ನು ಮೆಲ್ಲಗೆ ಕುರ್ಚಿಗೇ ಇಳಿಸಿದ. ಇಳಿಸಿದ ಮೇಲೂ ಕೈ ಬಿಡಲಿಲ್ಲ. ಹಾಗೇ ಬಗ್ಗಿ, ಅವಳ ಬೆನ್ನ ಸುತ್ತ ತೋಳು ಹಾಕಿ, ಹಣೆಯನ್ನು ಅವಳ ಹೆಗಲಿಗೆ ಒತ್ತಿಕೊಂಡು ನಿಂತುಬಿಟ್ಟ. ನೋಡುವವರಿಗೆ ಅಪ್ಪಿಕೊಂಡ ಹಾಗೆಯೇ ಕಾಣುತ್ತಿತ್ತು. ಅಪ್ಪಿಕೊಂಡದ್ದೇ ಇರಬಹುದು, ಅಲ್ಲ ಎನ್ನಲು ನಾನು ಯಾರು?

ಆಮೇಲೆ ನೆಟ್ಟಗೆ ನಿಂತು, ಬುರೈಮಿಯ ಮಗನ ಕಡೆ ತಿರುಗಿ, ಮುರುಕು ಹಿಂದಿಯಲ್ಲಿ ಹೇಳಿದ. "ನನ್ನ ಬಲಗೈಗೆ ಏನೂ ತಿಳಿಯುವುದಿಲ್ಲ. ನಿಮ್ಮ ಬಾಬಾರನ್ನು ನಾನು ಬೀಳಿಸಿಬಿಡುತ್ತೇನೆ. ನನ್ನನ್ನು ಕರೆದುಕೊಂಡು ಹೋಗಬೇಡಿ."

ಆಶಿತಾ ತನ್ನ ಪಾಲಿನದ್ದನ್ನೂ ಹೇಳಿದಳು. ಶಾಲು, ಮುಷ್ಟಿ, ಮೂರು ವಾರದ ಸುಳ್ಳು ಮಾರ್ಕು, ಎಲ್ಲ.

ಮಾಜಿದಾ ಕೂಗಾಡಲಿಲ್ಲ. ಫೈಲು ಮುಚ್ಚಿ "ಖಲಾಸ್" ಎಂದರು. ಅವರು ಹಾಗೆ ಮೆಲ್ಲಗೆ ಹೇಳಿದ್ದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಶ್ರವಣ್ ಫೇಲ್. ಆಶಿತಾ ಆರು ತಿಂಗಳು ಯಾರಿಗೂ ಮೈ ಕೊಡುವ ಹಾಗಿಲ್ಲ, ಬಾಯಿಂದ ಮಾತ್ರ ಪಾಠ. ಆಮೇಲೆ ಇಟ್ಟುಕೊಳ್ಳುವುದೋ ಬೇಡವೋ ನೋಡೋಣ. ಬಾಗಿಲ ಹತ್ತಿರ ಹೋದ ಶ್ರವಣ್‌ನನ್ನು ಅವರು ಮತ್ತೆ ಕರೆದರು. ಹನ್ನೊಂದು ವರ್ಷದಲ್ಲಿ ಈ ಕೋಣೆಯಲ್ಲಿ ಎತ್ತಲಾಗದೆ ವಾಪಸು ಕೆಳಗಿಟ್ಟವನು ನೀನೊಬ್ಬನೇ, ಉಳಿದವರೆಲ್ಲ ಇನ್ನೊಂದು ಸಲ ಎಳೆದು ನೋಡಿದವರು ಎಂದರು. ಆದರೆ ಫೇಲ್ ಫೇಲೇ.

ಹೊರಗೆ ವರಾಂಡದಲ್ಲಿ ಅವನು ಅವಳ ಮುಖ ನೋಡದೆ ಕೇಳಿದ. "ನನ್ನ ಮೇಲೆ ಕನಿಕರವಾ?"

"ಕನಿಕರ ಅಲ್ಲ. ಆಸೆ," ಎಂದಳು ಆಶಿತಾ. "ನೀವು ಪಾಸಾಗಬೇಕು, ಇಲ್ಲೇ ಇರಬೇಕು ಅಂತ ಆಸೆ."

ಅವನು ಬಿಸಿಲಿಗೆ ಇಳಿದು ಹೋದ.

ಏಳು ದಿನ ಫೋನಿಲ್ಲ, ಮೆಸೇಜಿಲ್ಲ. ಸಫೀನಾಳಿಗೂ ಗೊತ್ತಿಲ್ಲ. ಆಶಿತಾಳ ಭುಜದ ಸ್ಕ್ಯಾನ್ ರಿಪೋರ್ಟ್ ಬಂತು: ನರವಲ್ಲ, ಸ್ನಾಯುವೇ ಹರಿದಿದೆ, ಮೂರು ತಿಂಗಳು ಗಾಲಿ ತಿರುಗಿಸುವ ಹಾಗಿಲ್ಲ, ಆಮೇಲೂ ಮೊದಲಿನ ಹಾಗೆ ಆಗುತ್ತದೆಂದು ಹೇಳಲಾಗದು. ಅವಳು ಹಾಸಿಗೆಯಲ್ಲಿ ಮಲಗಿ ಫ್ಯಾನು ನೋಡಿದಳು. ಹೇಳಿದ್ದಕ್ಕೆ ಪಶ್ಚಾತ್ತಾಪ ಇರಲಿಲ್ಲ. ತಡವಾಗಿ ಹೇಳಿದ್ದಕ್ಕೆ ಇತ್ತು. ಅವನು ಇನ್ನು ಬರುವುದಿಲ್ಲ ಎಂದು ಗುರುವಾರ ರಾತ್ರಿ ನಿಶ್ಚಯ ಮಾಡಿಕೊಂಡಳು.

ಶುಕ್ರವಾರ ಮಧ್ಯಾಹ್ನ ಬೆಲ್ಲು ಬಡಿಯಿತು. ಕೊಗ್ಗ ಬಾಗಿಲು ತೆಗೆದರು. ಶ್ರವಣ್ ಕೈಯಲ್ಲಿ ಆಸ್ಪತ್ರೆಯ ಒಂದು ದೊಡ್ಡ ಲಕೋಟೆ ಹಿಡಿದು ನಿಂತಿದ್ದ. ಗಡ್ಡ ಬೆಳೆದಿತ್ತು.

ಅವನು ಸೋಫಾದ ತುದಿಯಲ್ಲಿ ಕುಳಿತು, ಒಂದನ್ನೂ ಮುಚ್ಚಿಡದೆ ಹೇಳಿದ. ಕುತ್ತಿಗೆಯಲ್ಲಿ ನರ ಒತ್ತಿಹೋಗಿದೆ. ವರ್ಷಗಟ್ಟಲೆ ಹೆಗಲ ಮೇಲೆ ಭಾರ ಹೊತ್ತದ್ದರ ಫಲ. ಮಂಗಳೂರಿನಲ್ಲಿ ಆಪರೇಷನ್, ಮಂಗಳವಾರ ಹೊರಡುವುದು. ಮಾಡಿಸದಿದ್ದರೆ ಇಡೀ ಕೈ ಹೋಗುತ್ತದೆ. ಮಾಡಿಸಿದರೆ ಅರ್ಧ ಬರಬಹುದು, ಏನೂ ಬಾರದೆಯೂ ಇರಬಹುದು, ಕುತ್ತಿಗೆಯ ಆಪರೇಷನ್ ಆದ್ದರಿಂದ ಬೇರೆ ಅಪಾಯವೂ ಇದೆ. ಇಷ್ಟು ಹೇಳಿ, ಆಶಿತಾಳನ್ನು ಮದುವೆಯಾಗಬೇಕೆಂದು ಇದ್ದೇನೆ, ಅದನ್ನು ಹೇಳದೆ ಹೋದರೆ ಮತ್ತೆ ಒಂದು ಸುಳ್ಳಾಗುತ್ತದೆ, ಅದಕ್ಕೆ ಬಂದೆ ಎಂದ.

ಕೊಗ್ಗ ನೆಲ ನೋಡಿದರು. ಕುಸುಮ ಅಡುಗೆಕೋಣೆಯ ಬಾಗಿಲಲ್ಲಿ ಸಟ್ಟುಗ ಹಿಡಿದೇ ನಿಂತಿದ್ದರು. ಮಗಳ ಭುಜ ಯಾರಿಂದ ಹೋಯಿತೆಂದು ಸಫೀನಾಳ ಬಾಯಿಂದ ಅವರಿಗೆ ಗೊತ್ತಾಗಿತ್ತು.

"ಇವಳಿಗೆ ಕಾಲಿಲ್ಲ, ಈಗ ಭುಜವೂ ಇಲ್ಲ. ನಿಮಗೆ ಕೈ ಇಲ್ಲ," ಎಂದರು ಕುಸುಮ. ದನಿ ಒಡೆದಿತ್ತು. "ನಾವು ಇರುವಷ್ಟು ದಿನ ಸರಿ. ನಾಳೆ ಬಿದ್ರೆ ಯಾರನ್ನು ಯಾರು ಎತ್ತುವುದು?"

ಶ್ರವಣ್ ಆಶಿತಾಳ ಕಡೆ ನೋಡಿದ, ಮತ್ತೆ ಕುಸುಮ ಅವರ ಕಡೆ.

"ಎತ್ತಲಿಕ್ಕೆ ನಮ್ಮಿಬ್ಬರಿಂದಲೂ ಆಗಲಿಕ್ಕಿಲ್ಲ ಅಮ್ಮ. ಬಿದ್ರೆ ಜನ ಕರೀಲಿಕ್ಕೆ ಬಾಯಿ ಉಂಟು. ಇಷ್ಟೆಲ್ಲ ಆದದ್ದೇ ನಾವಿಬ್ರು ಬಾಯಿ ಮುಚ್ಚಿಕೊಂಡು ಕೂತದ್ದರಿಂದ."

ಕುಸುಮ ಒಳಗೆ ಹೋದರು. ಕಾವಲಿ ಚುರ್ ಎಂದಿತು. ಕೊಗ್ಗ ಎದ್ದು, ನೀರು ತರುವ ನೆಪ ಮಾಡಿಕೊಂಡು ಹೆಂಡತಿಯ ಹಿಂದೆ ನಡೆದರು.

"ಭುಜ ಹೇಗುಂಟು?" ಎಂದು ಕೇಳಿದ ಶ್ರವಣ್.

ಇಷ್ಟು ದಿನ ಯಾರು ಕೇಳಿದರೂ ಏನಿಲ್ಲ ಎಂದವಳು ಅವಳು. "ನೋಯ್ತದೆ," ಎಂದಳು. "ಮಗ್ಗುಲಾಗ್ಲಿಕ್ಕೂ ಅಮ್ಮನನ್ನು ಕರೀಬೇಕು. ನೀವು ಮಂಗಳವಾರ ಹೋಗುವುದು ಅದಕ್ಕಿಂತ ಹೆಚ್ಚು ನೋಯ್ತದೆ. ಹೆದರಿಕೆ ಆಗ್ತದೆ ನನಗೆ."

"ನನಗೂ ಆಗ್ತದೆ." ಅವನು ಬಲಗೈಯನ್ನು ತೊಡೆಯ ಮೇಲಿಟ್ಟು, ಅದು ಯಾರದ್ದೋ ಎಂಬಂತೆ ನೋಡಿದ. "ಕೈ ಬಾರದಿದ್ರೆ?"

"ಬಾರದಿದ್ರೆ ಬಾರದ ಕೈ ತೆಗೊಂಡೇ ಬನ್ನಿ. ಎತ್ತುವ ಕೆಲಸಕ್ಕೆ ನಾನು ನಿಮ್ಮನ್ನು ಜನ್ಮದಲ್ಲಿ ಪಾಸ್ ಮಾಡುವುದಿಲ್ಲ. ಮದುವೆಗೆ ಮಾಡಿ ಆಗಿದೆ."

ಅವನು ನಕ್ಕ. ನಗುತ್ತಾ ನಗುತ್ತಾ ಕಣ್ಣೀರು ಸುರಿಯಿತು, ಒರೆಸಿಕೊಳ್ಳಲಿಲ್ಲ. ಎಲ್ಲ ಸರಿಹೋಗುತ್ತದೆ ಎಂದು ಅವಳು ಹೇಳಲಿಲ್ಲ. ಸರಿಹೋಗುತ್ತದೋ ಇಲ್ಲವೋ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ಆಡುವ ಕೈಯನ್ನು ಅವನ ಆಡದ ಬೆರಳುಗಳ ಮೇಲೆ ಇಟ್ಟಳು. ಅವನಿಗೆ ಅದು ತಿಳಿಯಲಿಲ್ಲ. ನೋಡಿದ ಮೇಲೆ ತಿಳಿಯಿತು.

ಒಳಗಿನಿಂದ ಕುಸುಮ ಅವರ ದನಿ ಬಂತು. ಇನ್ನೂ ಸಿಟ್ಟಿನದೇ ದನಿ. "ದೋಸೆ ಆರ್ತದೆ. ಇಬ್ಬರೂ ಬನ್ನಿ."